ಹೊಸ ನಗರಕ್ಕೆ ಬಂದವರಿಗೆ ಗಡಿಯಾರ, ಬಕೆಟ್ ಮತ್ತು ಒಂದು ನೋಟ್‌ಬುಕ್

ದೊಡ್ಡ ನಗರಕ್ಕೆ ಬಂದಿಳಿದವರಲ್ಲಿ ಹೆಚ್ಚಿನವರು ಮೊದಲ ವಾರದಲ್ಲೇ ಮನೆ ಹಿಡಿದು, ದೀರ್ಘಾವಧಿಯ ಪಾಸ್ ಮಾಡಿಸಿ, ಸಾಮಾನೆಲ್ಲ ಕೊಂಡು ಮುಗಿಸಿಬಿಡುತ್ತಾರೆ. ಒಮ್ಮೆ ನೆಲೆ ನಿಂತರೆ ಸಾಕೆಂಬ ಆತುರ ಸಹಜವೇ. ಆದರೆ ಆ ಹೊತ್ತಿಗೆ ಅವರಿಗೆ ನಗರದ ಬಗ್ಗೆ ಗೊತ್ತಿರುವುದೆಲ್ಲ ಬೇರೆಯವರ ಬಾಯಲ್ಲಿ ಕೇಳಿದ್ದು, ಇಲ್ಲವೇ ಯಾವುದೋ ರಜಾದಿನದ ಮಧ್ಯಾಹ್ನ ಕಂಡದ್ದು. ಕೆಲಸದ ದಿನ ಬೆಳಗ್ಗೆ ಎಂಟೂವರೆಗೆ ಅದೇ ಬೀದಿ ಬೇರೆಯಾಗಿರುತ್ತದೆ, ರಾತ್ರಿ ಹನ್ನೊಂದಕ್ಕೆ ಇನ್ನೂ ಬೇರೆ. ಆದ್ದರಿಂದ ನೀವು ಬಾಳಬೇಕಾದ ಹೊತ್ತಿನಲ್ಲೇ ನಗರವನ್ನು ನೋಡಿ, ಅಳೆಯಿರಿ, ಬರೆದಿಟ್ಟುಕೊಳ್ಳಿ. ದುಡ್ಡು ಕೊಡುವುದು ಆಮೇಲೆ.

ಮೊದಲ ಹೆಜ್ಜೆ: ತಾತ್ಕಾಲಿಕ ಠಿಕಾಣಿ

ಎರಡರಿಂದ ನಾಲ್ಕು ವಾರಕ್ಕೆ ಒಂದು ತಾತ್ಕಾಲಿಕ ಜಾಗ ನೋಡಿಕೊಳ್ಳಿ. ಪರಿಚಯದವರ ಮನೆಯ ಕೋಣೆಯಾದರೂ ಸರಿ, ಹಾಸ್ಟೆಲ್ ಆದರೂ ಸರಿ. ಅದು ನೀವು ಕೆಲಸ ಮಾಡುವ ಅಥವಾ ಓದುವ ಜಾಗಕ್ಕೆ ಹತ್ತಿರವಿದ್ದರೆ ಒಳ್ಳೆಯದು, ಅಗ್ಗವಾಗಿದ್ದರೆ ಇನ್ನೂ ಒಳ್ಳೆಯದು, ಚೆಂದವಾಗಿರಬೇಕಿಲ್ಲ. ಈ ಅವಧಿಯಲ್ಲಿ ಮಂಚ, ಬೀರು, ಫ್ರಿಜ್ ಯಾವುದನ್ನೂ ಕೊಳ್ಳಬೇಡಿ. ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡ ಬೀರು, ಅಡುಗೆಮನೆ ಬಾಗಿಲಿಗಿಂತ ಎರಡು ಬೆರಳು ಅಗಲವಾದ ಫ್ರಿಜ್, ಇವೆಲ್ಲ ಮನೆ ಸಿಗುವ ಮೊದಲೇ ಸಾಮಾನು ಕೊಂಡವರಿಗೆ ಬರುವ ತಾಪತ್ರಯ.

ಬಂದ ದಿನವೇ ಮಾಡಬೇಕಾದ ಕೆಲಸ ಒಂದಿದೆ, ಅದಕ್ಕೆ ಹದಿನೈದು ನಿಮಿಷ ಸಾಕು. ಆ ಊರಿನ ತುರ್ತು ಸಂಖ್ಯೆ ಯಾವುದೆಂದು ತಿಳಿದು ಫೋನಿನಲ್ಲಿ ಉಳಿಸಿ. ರಾತ್ರಿಯಿಡೀ ತೆರೆದಿರುವ ಹತ್ತಿರದ ಆಸ್ಪತ್ರೆ ಎಲ್ಲಿದೆ ಎಂದು ವಿಚಾರಿಸಿ. ನೀವು ಉಳಿದಿರುವ ಜಾಗದ ವಿಳಾಸವನ್ನು ಆಂಬುಲೆನ್ಸ್ ಚಾಲಕನಿಗೆ ಹೇಳುವ ಹಾಗೆ ಒಂದು ಚೀಟಿಯಲ್ಲಿ ಬರೆಯಿರಿ: ಯಾವ ಮುಖ್ಯರಸ್ತೆಯಿಂದ ಯಾವ ಕಡೆಗೆ ತಿರುಗಬೇಕು, ಎದ್ದು ಕಾಣುವ ಗುರುತು ಏನು, ಯಾವ ಗೇಟು, ಎಷ್ಟನೇ ಮಹಡಿ, ಲಿಫ್ಟ್ ಎಡಕ್ಕೋ ಬಲಕ್ಕೋ. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಗಾಬರಿಯಲ್ಲಿ ಮನೆ ಸಂಖ್ಯೆ ನೆನಪಿಗೆ ಬರುವುದಿಲ್ಲ, ಕೈಯಲ್ಲಿ ಚೀಟಿ ಇದ್ದರೆ ಓದಲಾದರೂ ಆಗುತ್ತದೆ. ಇದೇ ಚೀಟಿಯ ಇನ್ನೊಂದು ಪ್ರತಿ ನಿಮ್ಮ ಚೀಲದಲ್ಲಿರಲಿ, ಏಕೆಂದರೆ ಫೋನಿನ ಬ್ಯಾಟರಿ ಮುಗಿಯುವುದಿದೆ. ನಗರದ ನಕ್ಷೆಯನ್ನೂ ಇಂಟರ್‌ನೆಟ್ ಇಲ್ಲದೆ ತೆರೆಯುವಂತೆ ಮೊದಲೇ ಫೋನಿಗೆ ಇಳಿಸಿಕೊಳ್ಳಿ.

ಮೊದಲ ರಾತ್ರಿ ನಿದ್ದೆ ಸರಿಯಾಗಿ ಬರದಿದ್ದರೆ ಊರು ಆಗಿಬರುವುದಿಲ್ಲವೆಂದು ತೀರ್ಮಾನಿಸಬೇಡಿ. ಹೊಸ ಜಾಗದಲ್ಲಿ ಮಲಗಿದ ಮೊದಲ ರಾತ್ರಿ ಗಾಢ ನಿದ್ದೆಯಲ್ಲೂ ಮೆದುಳಿನ ಒಂದು ಪಾರ್ಶ್ವ ಇನ್ನೊಂದಕ್ಕಿಂತ ಎಚ್ಚರವಾಗಿರುತ್ತದೆ, ಸಣ್ಣ ಸದ್ದಿಗೂ ಸ್ಪಂದಿಸುತ್ತದೆ ಎಂದು ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. ಕಾವಲು ಕಾಯುವ ಈ ಬುದ್ಧಿ ಮುಂದಿನ ರಾತ್ರಿಗಳಲ್ಲಿ ತಾನಾಗಿ ಸಡಿಲವಾಗುತ್ತದೆ. ಆದ್ದರಿಂದ ಬಂದ ಮರುದಿನ ಬೆಳಗ್ಗೆಯೇ ಸಂದರ್ಶನ, ಸಹಿ, ದೊಡ್ಡ ಖರೀದಿ ಇಟ್ಟುಕೊಳ್ಳದಿದ್ದರೆ ಒಳ್ಳೆಯದು.

ಎರಡನೆಯ ಹೆಜ್ಜೆ: ಒಂದೇ ಮನೆಯನ್ನು ಮೂರು ಸಲ ನೋಡುವುದು

ಮನೆ ತೋರಿಸುವವರು ತಮಗೆ ಅನುಕೂಲವಾದ ಹೊತ್ತಿಗೆ ಕರೆಯುತ್ತಾರೆ. ಆ ಹೊತ್ತಿನಲ್ಲಿ ಮನೆ ಚೆನ್ನಾಗಿಯೇ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಬೇಡಿ. ಮನಸ್ಸಿಗೆ ಬಂದ ಮನೆಯನ್ನು ಕೆಲಸದ ದಿನ ಬೆಳಗ್ಗೆ ಏಳರಿಂದ ಒಂಬತ್ತರ ಒಳಗೆ ಒಮ್ಮೆ ನೋಡಿ, ಆಗ ಇಡೀ ಕಟ್ಟಡ ನೀರು ಬಳಸುತ್ತಿರುತ್ತದೆ. ರಾತ್ರಿ ಹತ್ತರ ನಂತರ ಇನ್ನೊಮ್ಮೆ ಹೋಗಿ. ಆಗ ಒಳಗೆ ಬಿಡದಿದ್ದರೂ ಪರವಾಗಿಲ್ಲ, ಹೊರಗೆ ನಿಂತು ಕಿವಿಗೊಟ್ಟರೆ ಸಾಕು. ಮಳೆ ಬಿದ್ದ ಮರುದಿನ ಹೋಗುವ ಅವಕಾಶ ಸಿಕ್ಕರಂತೂ ಬಿಡಬೇಡಿ.

ನೀರಿನಿಂದ ಶುರು ಮಾಡಿ. 10 ಲೀಟರಿನ ಬಕೆಟನ್ನು ಅಡುಗೆಮನೆಯ ನಲ್ಲಿಯ ಕೆಳಗಿಟ್ಟು ಪೂರ್ತಿ ತಿರುಗಿಸಿ, ಗಡಿಯಾರ ನೋಡಿ. ಒಂದು ನಿಮಿಷದಿಂದ ಒಂದೂವರೆ ನಿಮಿಷದೊಳಗೆ ತುಂಬಿದರೆ ಹರಿವು ಚೆನ್ನಾಗಿದೆ. ಎರಡು ನಿಮಿಷ ದಾಟಿದರೆ ನಿಮಿಷಕ್ಕೆ 5 ಲೀಟರಿಗಿಂತ ಕಡಿಮೆ ಎಂದಾಯಿತು. ಪಾತ್ರೆ ತೊಳೆಯಲು ಅಡ್ಡಿಯಿಲ್ಲ, ಷವರ್ ಮಾತ್ರ ತೊಟ್ಟಿಕ್ಕುತ್ತದೆ. ಆಮೇಲೆ ಷವರ್ ಬಿಟ್ಟು, ಅದು ಹರಿಯುತ್ತಿರುವಾಗಲೇ ಫ್ಲಷ್ ಒತ್ತಿ, ಅಡುಗೆಮನೆಯ ನಲ್ಲಿಯನ್ನೂ ತೆರೆಯಿರಿ. ಷವರಿನ ಧಾರೆ ಅರ್ಧಕ್ಕಿಳಿದರೆ ಪೈಪು ಸಣ್ಣದಿರಬಹುದು, ಒಳಗೆ ಕಟ್ಟಿಕೊಂಡಿರಬಹುದು, ಅಥವಾ ಮೇಲಿನ ಟ್ಯಾಂಕಿಗೂ ಆ ಮಹಡಿಗೂ ಎತ್ತರದ ವ್ಯತ್ಯಾಸ ಸಾಲದೆ ಇರಬಹುದು. ಟ್ಯಾಂಕಿನಿಂದ ತಾನಾಗಿ ಇಳಿಯುವ ನೀರು ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಕಟ್ಟಡದ ಕೊನೆಯ ಮಹಡಿಯಲ್ಲಿ ಟ್ಯಾಂಕು ತಲೆಯಿಂದ ಎರಡು ಮೂರು ಮೀಟರ್ ಮೇಲಷ್ಟೇ ಇರುವುದರಿಂದ ಪಂಪ್ ಇಲ್ಲದಿದ್ದರೆ ಅಲ್ಲಿ ಧಾರೆ ಸಪ್ಪೆಯಾಗಿರುತ್ತದೆ. ನಲ್ಲಿ ಬದಲಿಸಿದ ಮಾತ್ರಕ್ಕೆ ಇದು ಸರಿಯಾಗುವುದಿಲ್ಲ.

ತುಂಬಿದ ಬಕೆಟನ್ನು ಬಚ್ಚಲಿನ ನೆಲಕ್ಕೆ ಸುರಿಯಿರಿ. ನೀರು ಒಂದೆರಡು ನಿಮಿಷದಲ್ಲಿ ಇಳಿಯಬೇಕು, ಮೂಲೆಯಲ್ಲಿ ಕೊಳವಾಗಿ ನಿಲ್ಲಬಾರದು, ಬಾಗಿಲಿನ ಕಡೆಗಂತೂ ಹರಿಯಲೇಬಾರದು. ನೆಲದ ವಾಟವೇ ತಪ್ಪಿದ್ದರೆ ಟೈಲ್ಸ್ ಕಿತ್ತು ಹಾಕಿದ ಹೊರತು ಸರಿಹೋಗದು, ಬಾಡಿಗೆಗೆ ಬಂದವರಿಗಾಗಿ ಆ ಕೆಲಸವನ್ನು ಯಾರೂ ಮಾಡಿಸಿಕೊಡುವುದಿಲ್ಲ.

ಬಹಳ ದಿನ ಖಾಲಿಯಿದ್ದ ಮನೆಗಳಲ್ಲಿ ಚರಂಡಿ ವಾಸನೆ ಬರುತ್ತದೆ. ಅದಕ್ಕೆ ತಕ್ಷಣ ಮನೆ ಬೇಡವೆನ್ನಬೇಕಾಗಿಲ್ಲ. ಸಿಂಕಿನ ಕೆಳಗೆ ಪೈಪು ಬಾಗಿ ಮತ್ತೆ ಮೇಲೆದ್ದು ಹೋಗಿರುತ್ತದಲ್ಲ, ಆ ಬಾಗಿನಲ್ಲಿ ಸದಾ ನಿಂತಿರುವ ನೀರೇ ಚರಂಡಿಯ ಗಾಳಿಗೆ ಮುಚ್ಚಳ. ನೆಲದ ಜಾಲರಿಯ ಕೆಳಗೂ ಹೀಗೆಯೇ. ಯಾರೂ ಬಳಸದೆ ಇದ್ದಾಗ ಆ ನೀರು ಆವಿಯಾಗಿ ಗಾಳಿಗೆ ದಾರಿ ತೆರೆದುಕೊಳ್ಳುತ್ತದೆ. ಪ್ರತಿ ಸಿಂಕಿಗೆ, ಪ್ರತಿ ಜಾಲರಿಗೆ ಎರಡೆರಡು ಚೊಂಬು ನೀರು ಹಾಕಿ, ಕಿಟಕಿ ತೆರೆದು ಅರ್ಧ ಗಂಟೆ ಬಿಟ್ಟು ಬನ್ನಿ. ವಾಸನೆ ಹೋಗಿದ್ದರೆ ಚಿಂತೆಯಿಲ್ಲ. ನೀರು ಹಾಕಿದ ಮೇಲೂ ಹಾಗೇ ಇದ್ದರೆ ಪೈಪು ಒಡೆದಿರಬಹುದು, ಅಥವಾ ಆ ಬಾಗನ್ನೇ ಹಾಕಿಲ್ಲದಿರಬಹುದು. ಅದನ್ನು ಸರಿಪಡಿಸುವವರೆಗೆ ಮುಂಗಡ ಕೊಡಬೇಡಿ.

ಗೋಡೆಗಳನ್ನು ನೋಡುವಾಗ ಕಣ್ಣಿಗಿಂತ ಅಂಗೈಯನ್ನು ನಂಬಿ. ನೆಲದಿಂದ ಮೊಣಕಾಲೆತ್ತರದವರೆಗೆ, ಕಿಟಕಿಯ ಕೆಳಗೆ, ಬಚ್ಚಲಿಗೆ ಅಂಟಿದ ಗೋಡೆಯ ಈಚೆ ಬದಿ, ಗೋಡೆಬೀರುವಿನ ಒಳಗೆ ಮುಟ್ಟಿ ನೋಡಿ. ತಣ್ಣಗೆ ಒದ್ದೆಯೆನಿಸಿದರೆ, ಬಣ್ಣ ಹಪ್ಪಳದಂತೆ ಉಬ್ಬಿದ್ದರೆ, ಬಿಳಿ ಉಪ್ಪಿನಂಥ ಪುಡಿ ಉದುರಿದರೆ ಗೋಡೆಯೊಳಗೆ ನೀರಿದೆ. ಇಡೀ ಕೋಣೆ ಹಳೆಯ ಬಣ್ಣದಲ್ಲಿದ್ದು ಒಂದು ತುಂಡಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಏಕೆಂದು ಕೇಳಿ. ಗೋಡೆಬೀರುವಿನ ಬಾಗಿಲು ತೆರೆದ ತಕ್ಷಣ ಮೂಗು ಹತ್ತಿರ ತನ್ನಿ. ಮುಗ್ಗಲು ವಾಸನೆ ಮೊದಲ ಕ್ಷಣದಲ್ಲೇ ಗೊತ್ತಾಗುತ್ತದೆ, ನಿಮಿಷ ಕಳೆದರೆ ಮೂಗು ಒಗ್ಗಿಬಿಡುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ನೋಡಬೇಕಾದದ್ದು ಹೆಚ್ಚಿಲ್ಲ. ಪ್ಲಗ್ ಪಾಯಿಂಟಿನ ಸುತ್ತ ಕಂದು ಕಲೆ ಅಥವಾ ಕರಗಿದ ಗುರುತು ಇದ್ದರೆ ಅಲ್ಲಿ ಸಂಪರ್ಕ ಸಡಿಲವಾಗಿ ಬಿಸಿಯಾಗಿದೆ ಎಂದರ್ಥ. ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ, ಅಂದರೆ ವಿದ್ಯುತ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್ಚು ಇದೆಯೇ ನೋಡಿ, ಅದರ ಟೆಸ್ಟ್ ಗುಂಡಿಯನ್ನು ಮನೆಯವರಿಗೆ ಹೇಳಿ ಒತ್ತಿ. ತಟಕ್ಕನೆ ಬೀಳಬೇಕು. ಬೀಳದಿದ್ದರೆ ಅದು ಗೋಡೆಯ ಅಲಂಕಾರವಷ್ಟೇ. ಮನೆಯ ಅತಿ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿ ಒಂದು ಫೋನ್ ಕರೆಯನ್ನೂ ಮಾಡಿ. ಸಿಗ್ನಲ್ ಗೀಟುಗಳನ್ನು ನಂಬಬೇಡಿ, ಮಾತು ಕೇಳುತ್ತದೆಯೇ ನೋಡಿ.

ಸದ್ದಿಗೆ ಕಿಟಕಿ ಮುಚ್ಚಿ ಐದು ನಿಮಿಷ, ತೆರೆದು ಐದು ನಿಮಿಷ ಮಾತಾಡದೆ ಕೂರಿ. ತೋರಿಸುವವರು ಸಾಮಾನ್ಯವಾಗಿ ಮಾತು ನಿಲ್ಲಿಸುವುದಿಲ್ಲ, ಸ್ವಲ್ಪ ಹೊತ್ತು ಸುಮ್ಮನಿರಿ ಎಂದು ಕೇಳಲು ಸಂಕೋಚ ಬೇಡ. ರಸ್ತೆ ಸಂಚಾರದ ಸದ್ದು ರಾತ್ರಿಯ ಸರಾಸರಿಯಲ್ಲಿ 45 ಡೆಸಿಬೆಲ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗಾಗಿ ಹೊರತಂದ ಮಾರ್ಗಸೂಚಿಯಲ್ಲಿದೆ. ಇದು ಮನೆಯ ಹೊರಗಿನ ಅಳತೆ. ಫೋನಿನ ಆ್ಯಪ್‌ಗಳು ಈ ಅಳತೆಯನ್ನು ನಿಖರವಾಗಿ ಹೇಳದಿದ್ದರೂ ಎರಡು ಮನೆಗಳನ್ನು ಹೋಲಿಸಲು ಸಾಕು. ರಸ್ತೆಯಿಂದ ದೂರ ಹೋದರೆ ಸದ್ದು ನೀವು ಎಣಿಸಿದಷ್ಟು ಇಳಿಯುವುದಿಲ್ಲ. ಎಡೆಬಿಡದೆ ವಾಹನ ಹರಿಯುವ ರಸ್ತೆಯಿಂದ ದೂರ ಎರಡು ಪಟ್ಟಾದರೆ ಕಡಿಮೆಯಾಗುವುದು ಸುಮಾರು 3 ಡೆಸಿಬೆಲ್ ಮಾತ್ರ. ಆದರೆ ಕಟ್ಟಡದ ಹಿಂಬದಿಗೆ ಮುಖ ಮಾಡಿದ ಕೋಣೆಗೆ ಇಡೀ ಕಟ್ಟಡವೇ ಮರೆ. ಆದ್ದರಿಂದ ಮಲಗುವ ಕೋಣೆ ಯಾವ ಕಡೆಗಿದೆ ಎಂಬುದು, ಮನೆ ರಸ್ತೆಯಿಂದ ಎಷ್ಟು ದೂರ ಎಂಬುದಕ್ಕಿಂತ ಮುಖ್ಯ.

ಸಹಿ ಹಾಕುವ ದಿನ

ಕರಾರು ಪತ್ರವನ್ನು ಹಿಂದಿನ ದಿನವೇ ಕೇಳಿ ಪಡೆದು ಓದಿ. ಬಿಡುವುದಾದರೆ ಎಷ್ಟು ದಿನ ಮುಂಚೆ ಹೇಳಬೇಕು, ಮುಂಗಡದಲ್ಲಿ ಏನೇನು ಕಡಿತವಾಗುತ್ತದೆ, ಯಾವ ರಿಪೇರಿ ಯಾರ ತಲೆಗೆ, ಬಾಡಿಗೆ ಯಾವಾಗ ಎಷ್ಟು ಏರುತ್ತದೆ ಎಂಬ ನಾಲ್ಕು ಪ್ರಶ್ನೆಗೆ ಅದರಲ್ಲಿ ಬರಹದಲ್ಲೇ ಉತ್ತರ ಇರಬೇಕು. ಬಾಯಿಮಾತಿನ ಭರವಸೆಯನ್ನು ಆಮೇಲೆ ನೆನಪಿಸಿದರೆ ಜಗಳವಾಗುತ್ತದೆ. ಮನೆಯನ್ನೇ ತೋರಿಸದೆ ಹಣ ಕಳಿಸಿ ಎನ್ನುವವರಿಂದ, ಇವತ್ತೇ ಕೊಡದಿದ್ದರೆ ಕೈತಪ್ಪುತ್ತದೆ ಎನ್ನುವವರಿಂದ ದೂರವಿರಿ. ಅವಸರ ಮಾಡುವುದೇ ವಂಚಕರ ಮುಖ್ಯ ಉಪಾಯ.

ಕೀಲಿ ಕೈಗೆ ಬಂದ ಗಂಟೆಯೊಳಗೆ, ಸಾಮಾನು ಒಳಗಿಡುವ ಮೊದಲು, ಪ್ರತಿ ಕೋಣೆಯ ನಾಲ್ಕು ಮೂಲೆ, ನೆಲ, ಚಾವಣಿ, ಪ್ರತಿ ಬಿರುಕು, ಕಲೆ, ಒಡೆದ ಟೈಲ್ಸ್ ಫೋಟೊ ತೆಗೆಯಿರಿ. ವಿದ್ಯುತ್ ಮತ್ತು ನೀರಿನ ಮೀಟರಿನ ಅಂಕಿ ಓದುವಂತೆ ಬರಲಿ. ಎಲ್ಲವನ್ನೂ ಅದೇ ದಿನ ಮನೆ ಮಾಲೀಕರಿಗೆ ಕಳಿಸಿ. ಫೋನಿನಲ್ಲೇ ಉಳಿದ ಫೋಟೊಕ್ಕಿಂತ, ತಾರೀಖಿನ ಸಮೇತ ಇಬ್ಬರ ಬಳಿಯೂ ಇರುವ ಫೋಟೊಕ್ಕೆ ಬೆಲೆ ಹೆಚ್ಚು.

ಮೂರನೆಯ ಹೆಜ್ಜೆ: ಓಡಾಟದ ಲೆಕ್ಕ

ಮನೆ ಹಿಡಿಯುವ ಮೊದಲು ಅಲ್ಲಿಂದ ಕೆಲಸದ ಜಾಗಕ್ಕೆ ಕೆಲಸದ ದಿನವೇ, ಕೆಲಸದ ಹೊತ್ತಿಗೇ ಒಮ್ಮೆ ಹೋಗಿ ಬನ್ನಿ. ನೋಟ್‌ಬುಕ್ಕಿನಲ್ಲಿ ಆರು ಹೊತ್ತು ಬರೆಯಿರಿ: ಬಾಗಿಲು ಹಾಕಿದ್ದು, ನಿಲ್ದಾಣ ಮುಟ್ಟಿದ್ದು, ವಾಹನ ಹತ್ತಿದ್ದು, ಇಳಿದದ್ದು, ಇನ್ನೊಂದನ್ನು ಹತ್ತಿದ್ದರೆ ಅದು, ಕುರ್ಚಿಯಲ್ಲಿ ಕೂತದ್ದು. ವಾಹನದೊಳಗೆ ಇಪ್ಪತ್ತೈದು ನಿಮಿಷವಷ್ಟೇ ಕಳೆದರೂ ಬಾಗಿಲಿಂದ ಕುರ್ಚಿಗೆ ಐವತ್ತು ನಿಮಿಷ ಆಗಿರುವುದು ಈ ಪಟ್ಟಿಯಲ್ಲಿ ಕಾಣುತ್ತದೆ. ಉಳಿದ ಇಪ್ಪತ್ತೈದು ನಡಿಗೆಗೆ, ಕಾಯುವುದಕ್ಕೆ, ಮೆಟ್ಟಿಲಿಗೆ, ಲಿಫ್ಟಿನ ಸಾಲಿಗೆ ಹೋಗಿರುತ್ತದೆ. ಸಾಧಾರಣ ನಡಿಗೆಯಲ್ಲಿ ನಿಮಿಷಕ್ಕೆ ಸುಮಾರು 80 ಮೀಟರ್ ಸಾಗುತ್ತೀರಿ. ನಕ್ಷೆಯಲ್ಲಿ 800 ಮೀಟರ್ ಎಂದಿದ್ದರೆ ಹತ್ತು ನಿಮಿಷ, ದೊಡ್ಡ ರಸ್ತೆ ದಾಟುವ ಒಂದೊಂದು ಸಿಗ್ನಲ್ಲಿಗೆ ಮತ್ತೊಂದೆರಡು ನಿಮಿಷ ಸೇರಿಸಿ.

ಹತ್ತು ನಿಮಿಷಕ್ಕೊಂದು ಬಸ್ಸಿದ್ದರೂ ತಾನು ನಿಂತಾಗ ಮಾತ್ರ ಬರುವುದೇ ಇಲ್ಲ ಎಂಬ ದೂರು ಹೊಸಬರ ಬಾಯಲ್ಲಿ ಸದಾ ಕೇಳಿಬರುತ್ತದೆ. ಅದು ಭ್ರಮೆಯಲ್ಲ, ಲೆಕ್ಕವೇ ಹಾಗಿದೆ. ಬಸ್ಸುಗಳು ಸರಿಯಾಗಿ ಹತ್ತು ನಿಮಿಷಕ್ಕೊಂದರಂತೆ ಬಂದರೆ ನೀವು ಸರಾಸರಿ ಐದು ನಿಮಿಷ ಕಾಯುತ್ತೀರಿ. ಆದರೆ ಒಂದು ಬಸ್ಸು ಸ್ವಲ್ಪ ತಡವಾದರೆ ಮುಂದಿನ ನಿಲ್ದಾಣದಲ್ಲಿ ಹೆಚ್ಚು ಜನ ಸೇರಿರುತ್ತಾರೆ, ಅವರು ಹತ್ತುವಷ್ಟರಲ್ಲಿ ಅದು ಇನ್ನಷ್ಟು ತಡವಾಗುತ್ತದೆ. ಹಿಂದಿನ ಬಸ್ಸಿಗೆ ಜನ ಕಡಿಮೆ, ಅದು ಬೇಗ ಬೇಗ ಬಂದು ಮುಂದಿನದರ ಬಾಲ ಹಿಡಿಯುತ್ತದೆ. ಹೀಗೆ ಎರಡೆರಡು ಜೋಡಿಯಾಗಿ, 2 ನಿಮಿಷ ಮತ್ತು 18 ನಿಮಿಷದ ಅಂತರದಲ್ಲಿ ಬರುತ್ತವೆ ಎಂದುಕೊಳ್ಳಿ. ಸರಾಸರಿ ಈಗಲೂ ಹತ್ತೇ. ಆದರೆ ನೀವು ನಿಲ್ದಾಣಕ್ಕೆ ಬರುವುದು ಹತ್ತರಲ್ಲಿ ಒಂಬತ್ತು ಸಲ ಆ 18 ನಿಮಿಷದ ಖಾಲಿಯಲ್ಲಿ, ಏಕೆಂದರೆ ಹೊತ್ತಿನ ಬಹುಪಾಲು ಅದೇ. ಸರಾಸರಿ ಕಾಯುವಿಕೆ 8 ನಿಮಿಷ ದಾಟುತ್ತದೆ. ಇದರಿಂದ ಎರಡು ಕೆಲಸಕ್ಕೆ ಬರುವ ಮಾತು ಸಿಗುತ್ತದೆ. ಕಿಕ್ಕಿರಿದ ಬಸ್ಸು ತಡವಾಗಿ ಬಂದರೆ ಅದರ ಹಿಂದೆಯೇ ಖಾಲಿಯದೊಂದು ಇರುವ ಸಂಭವ ಹೆಚ್ಚು, ಒಂದೆರಡು ನಿಮಿಷ ಕಾದು ನೋಡಿ. ಆದಷ್ಟು ಬಸ್ಸು ಹೊರಡುವ ಮೊದಲ ನಿಲ್ದಾಣದ ಹತ್ತಿರ ಮನೆ ಮಾಡಿ, ಅಲ್ಲಿ ಅಂತರ ಇನ್ನೂ ಕೆಟ್ಟಿರುವುದಿಲ್ಲ, ಸೀಟೂ ಸಿಗುತ್ತದೆ.

ಹತ್ತು ಕೆಲಸದ ದಿನ ಈ ಹೊತ್ತುಗಳನ್ನು ಬರೆದ ಮೇಲೆ ಸರಾಸರಿಯನ್ನು ಬಿಟ್ಟು, ಅತಿ ಕೆಟ್ಟ ದಿನಕ್ಕಿಂತ ಒಂದು ಮೇಲಿನದನ್ನು ನೋಡಿ. ದಿನಗಳನ್ನು ಬೇಗನಿಂದ ತಡಕ್ಕೆ ಜೋಡಿಸಿದರೆ ಅದು ಒಂಬತ್ತನೆಯದು. ಮನೆ ಬಿಡುವ ಹೊತ್ತನ್ನು ಅದಕ್ಕೆ ಹೊಂದಿಸಿ. ಸರಾಸರಿಗೆ ಹೊಂದಿಸಿದವರು ಹೆಚ್ಚುಕಡಿಮೆ ದಿನ ಬಿಟ್ಟು ದಿನ ತಡವಾಗುತ್ತಾರೆ. ದೀರ್ಘಾವಧಿಯ ಪಾಸನ್ನೂ ಈ ಹತ್ತು ದಿನ ಕಳೆದ ಮೇಲೆಯೇ ಮಾಡಿಸಿ, ಏಕೆಂದರೆ ಅಷ್ಟರಲ್ಲಿ ನಿಮ್ಮ ದಾರಿಯೇ ಬದಲಾಗಿರಬಹುದು.

ನಾಲ್ಕನೆಯ ಹೆಜ್ಜೆ: ದಾರಿಯನ್ನು ತಲೆಗೆ ಹತ್ತಿಸಿಕೊಳ್ಳುವುದು

ಫೋನು ಹೇಳಿದಲ್ಲೆಲ್ಲ ತಿರುಗುತ್ತ ಹೋದರೆ ಆರು ತಿಂಗಳಾದರೂ ಊರು ತಲೆಗೆ ಹತ್ತುವುದಿಲ್ಲ. ಹೋಗುವಾಗ ನಕ್ಷೆ ನೋಡಿ, ಬರುವಾಗ ಫೋನ್ ಜೇಬಿನಲ್ಲಿಡಿ. ಪ್ರತಿ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿ, ಏಕೆಂದರೆ ವಾಪಸು ಬರುವಾಗ ನಿಮಗೆ ಕಾಣುವುದು ಆ ಮುಖವೇ. ನಕ್ಷೆಯನ್ನು ಸದಾ ಉತ್ತರ ಮೇಲಿರುವಂತೆ ಇಟ್ಟುಕೊಳ್ಳಿ. ನೀವು ತಿರುಗಿದಂತೆಲ್ಲ ತಿರುಗುವ ನಕ್ಷೆ ಆ ಕ್ಷಣಕ್ಕೆ ಸುಲಭ, ಆದರೆ ಅದರಿಂದ ಊರಿನ ಆಕಾರ ಮನಸ್ಸಿನಲ್ಲಿ ನಿಲ್ಲದು.

ನಗರವಾಸಿಗಳು ಊರನ್ನು ಹೇಗೆ ನೆನಪಿಟ್ಟುಕೊಳ್ಳುತ್ತಾರೆಂದು ತಿಳಿಯಲು ನಗರ ಯೋಜಕ ಕೆವಿನ್ ಲಿಂಚ್ ಬಾಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲಿಸ್‌ಗಳಲ್ಲಿ ಜನರನ್ನು ಮಾತಾಡಿಸಿ, ಅವರಿಂದಲೇ ನಕ್ಷೆ ಬರೆಸಿದರು. ಅದರಲ್ಲಿ ಅವರು ಕಂಡುಕೊಂಡ, 1960ರಲ್ಲಿ ಪ್ರಕಟಿಸಿದ ಐದು ಅಂಶಗಳು ದಾರಿ, ಅಂಚು, ವಲಯ, ಕೂಡುಜಾಗ, ಗುರುತು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇನ್ನೊಂದಿಲ್ಲ. ಎರಡನೆಯ ವಾರದ ಕೊನೆಗೆ ಒಂದು ಖಾಲಿ ಹಾಳೆ ತೆಗೆದುಕೊಂಡು ನೆನಪಿನಿಂದಲೇ ಬರೆಯಿರಿ: ಎರಡು ಮುಖ್ಯರಸ್ತೆ, ದಾಟಲಾಗದ ಅಂಚು ಅಂದರೆ ನದಿ ಅಥವಾ ರೈಲುಹಳಿ ಅಥವಾ ಹೆದ್ದಾರಿ, ಜನ ಕೂಡುವ ಮೂರು ಜಾಗ, ದೂರದಿಂದ ಕಾಣುವ ಎರಡು ಗುರುತು. ಹಾಳೆಯಲ್ಲಿ ಎಲ್ಲಿ ಬಿಳಿ ಉಳಿದಿದೆಯೋ ಮುಂದಿನ ಬಿಡುವಿನ ದಿನ ಅಲ್ಲಿಗೆ ನಡೆದು ಹೋಗಿ.

ಮೆಟ್ರೊ ನಿಲ್ದಾಣದ ಗೋಡೆಯ ಮೇಲಿನ ಚಿತ್ರವನ್ನು ನಕ್ಷೆಯೆಂದು ತಿಳಿಯಬೇಡಿ. ಹ್ಯಾರಿ ಬೆಕ್ ರೂಪಿಸಿ 1933ರಲ್ಲಿ ಲಂಡನ್ನಿನಲ್ಲಿ ಬಳಕೆಗೆ ಬಂದ ಮಾದರಿಯಿಂದ ಹಿಡಿದು ಇಂಥ ಚಿತ್ರಗಳೆಲ್ಲ ನಿಲ್ದಾಣಗಳ ಕ್ರಮವನ್ನು ತೋರಿಸುತ್ತವೆಯೇ ಹೊರತು ದೂರವನ್ನಲ್ಲ. ಲಂಡನ್ನಿನ ಲೆಸ್ಟರ್ ಸ್ಕ್ವೇರ್ ಮತ್ತು ಕೋವೆಂಟ್ ಗಾರ್ಡನ್ ನಿಲ್ದಾಣಗಳ ನಡುವೆ ಇರುವುದು 300 ಮೀಟರೂ ಅಲ್ಲ, ರೈಲಿಗೆ ಇಳಿದು ಹತ್ತುವಷ್ಟರಲ್ಲಿ ನಡೆದೇ ಮುಟ್ಟಬಹುದು. ನಿಮ್ಮ ಊರಿನಲ್ಲೂ ಇಂಥ ಜೋಡಿಗಳಿರಬಹುದು. ಎರಡು ಕಡೆ ರೈಲು ಬದಲಿಸಬೇಕಾದ ಪ್ರತಿ ಪ್ರಯಾಣವನ್ನೂ ಒಮ್ಮೆ ನಿಜವಾದ ನಕ್ಷೆಯಲ್ಲಿ ನೋಡಿ.

ದಾರಿ ಕೇಳುವುದಕ್ಕೂ ಕ್ರಮವಿದೆ. ಧಾವಿಸುವವರನ್ನು ಬಿಟ್ಟು, ನಿಂತಿರುವವರನ್ನು ಕೇಳಿ: ಅಂಗಡಿಯವರು, ಕಾವಲಿನವರು, ಬಸ್ಸಿಗೆ ಕಾಯುತ್ತಿರುವವರು. “ನಿಲ್ದಾಣಕ್ಕೆ ಇದೇ ದಾರಿಯಾ?” ಎಂದು ಕೇಳಿದರೆ ಗೊತ್ತಿಲ್ಲದವರೂ ಹೂಂ ಎಂದು ತಲೆಯಾಡಿಸಿಬಿಡುತ್ತಾರೆ. “ನಿಲ್ದಾಣಕ್ಕೆ ಯಾವ ಕಡೆ ಹೋಗಬೇಕು?” ಎಂದು ಕೇಳಿ. ಆಗ ಗೊತ್ತಿದ್ದವರು ಮಾತ್ರ ಕೈ ತೋರಿಸುತ್ತಾರೆ.

ಐದನೆಯ ಹೆಜ್ಜೆ: ಮುಖಪರಿಚಯ

ನೀವು ನಕ್ಕರೂ ಎದುರು ಮನೆಯವರು ನಗದೆ ಹೋದರೆ ಅದನ್ನು ಅವಮಾನವೆಂದು ತೆಗೆದುಕೊಳ್ಳಬೇಡಿ. ದಿನಕ್ಕೆ ಸಾವಿರಾರು ಮುಖ ಹಾದುಹೋಗುವ ಕಡೆ ಎಲ್ಲರಿಗೂ ಗಮನ ಕೊಡಲು ಆಗುವುದಿಲ್ಲ, ಅದಕ್ಕೇ ನಗರದವರು ಸೋಸಿ ನೋಡುತ್ತಾರೆ ಎಂದು ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1970ರಲ್ಲೇ ಬರೆದಿದ್ದರು. ಆ ಸೋಸುವಿಕೆಯನ್ನು ದಾಟುವ ದಾರಿ, ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆಯಿದೆಯಲ್ಲ, ನಗರದಲ್ಲೂ ಆ ನೀರಿನ ಜಾಗ ಯಾವುದೆಂದು ಹುಡುಕಿಕೊಳ್ಳಬೇಕು. ಎಲ್ಲರೂ ಹೇಗಿದ್ದರೂ ಬರಲೇಬೇಕಾದ ಜಾಗ ಅದು: ಲಿಫ್ಟಿನ ಬಾಗಿಲು, ಕಸ ಹಾಕುವ ಮೂಲೆ, ಮಕ್ಕಳ ವಾಹನ ನಿಲ್ಲುವ ಗೇಟು, ಬೆಳಗಿನ ಬಸ್ ನಿಲ್ದಾಣ. ಅಕ್ಕಪಕ್ಕ, ಮೇಲೆ ಕೆಳಗಿನ ಮನೆಯವರಿಗೆ ಮೊದಲ ವಾರದಲ್ಲೇ ಹೆಸರು ಹೇಳಿ ಪರಿಚಯ ಮಾಡಿಕೊಳ್ಳಿ. ಆಗ ಅದು ಸಹಜ, ಮೂರು ತಿಂಗಳಾದ ಮೇಲೆ ಇಬ್ಬರಿಗೂ ಮುಜುಗರ. ಏನಾದರೂ ಸಣ್ಣದನ್ನು ಕೇಳಿ: ನೀರು ಯಾವ ಹೊತ್ತಿಗೆ ನಿಲ್ಲುತ್ತದೆ, ಕಸ ಯಾವ ದಿನ ಒಯ್ಯುತ್ತಾರೆ. ಉತ್ತರ ಹೇಳಿದವರು ಮರುದಿನ ತಾವಾಗಿಯೇ ಮಾತಾಡಿಸುತ್ತಾರೆ.

ಗೆಳೆತನಕ್ಕೆ ಹೊತ್ತು ಬೇಕು. ಆರು ತಿಂಗಳೊಳಗೆ ಹೊಸ ಊರಿಗೆ ಬಂದವರನ್ನೂ ಸೇರಿಸಿ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ನಡೆದು 2018ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಗೆಳೆತನವಾಗಲು 90, ಆಪ್ತತೆಗೆ 200ಕ್ಕೂ ಹೆಚ್ಚು ಗಂಟೆ ಒಟ್ಟಿಗೆ ಕಳೆಯಬೇಕು. ಕೆಲಸದಲ್ಲಿ ಅಕ್ಕಪಕ್ಕ ಕೂತ ಗಂಟೆಗಳಿಗೆ ಅಷ್ಟು ಬೆಲೆಯಿಲ್ಲ. ವಾರಕ್ಕೆ ಎರಡು ಗಂಟೆಯ ತರಗತಿಗೋ ಆಟಕ್ಕೋ ಹೋದರೆ 50 ಗಂಟೆ ತುಂಬಲು 25 ವಾರ, ಅಂದರೆ ಆರು ತಿಂಗಳು. ವಾರಕ್ಕೆ ಎರಡು ಸಲ ಹೋದರೆ ಮೂರು ತಿಂಗಳು. ಮೂರನೆಯ ವಾರಕ್ಕೇ ಇಲ್ಲಿ ಯಾರೂ ನಮ್ಮವರಾಗುವುದಿಲ್ಲ ಎಂದು ಬಿಟ್ಟುಬಿಡುವವರು ಬಹಳ, ಆ ಹೊತ್ತಿಗೆ ಅವರು ಕಳೆದಿರುವುದು ಆರೇ ಗಂಟೆ. ಮನೆಯಿಂದ ಹದಿನೈದು ನಿಮಿಷದ ನಡಿಗೆಯೊಳಗೆ, ವಾರದ ಅದೇ ದಿನ ಅದೇ ಹೊತ್ತಿಗೆ ನಡೆಯುವ ಒಂದನ್ನು ಆರಿಸಿಕೊಳ್ಳಿ, ದೂರದ್ದು ಮೊದಲ ಮಳೆಗೇ ತಪ್ಪಿಹೋಗುತ್ತದೆ. ಹತ್ತು ನಿಮಿಷ ಮುಂಚೆ ಹೋಗಿ, ಮುಗಿದ ಕೂಡಲೇ ಎದ್ದು ಬರಬೇಡಿ. ಮಾತು ಹುಟ್ಟುವುದು ಚಪ್ಪಲಿ ಹುಡುಕುವ ಹೊತ್ತಿನಲ್ಲೇ.